1881ರ ಕಾರ್ಖಾನೆ ಕಾಯ್ದೆ: ಗಿರಣಿಗೊಂದು ನ್ಯಾಯ, ತೋಟಕ್ಕೊಂದು ನ್ಯಾಯ

ಬ್ರಿಟಿಷ್ ಭಾರತದ ಮೊದಲ ಕಾರ್ಖಾನೆ ಕಾಯ್ದೆಯನ್ನು ಓದುವಾಗ ಅದು ಯಾರಿಗೆ ರಕ್ಷಣೆ ಕೊಟ್ಟಿತು ಎಂಬುದರ ಜೊತೆಗೆ ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಗಮನಿಸಬೇಕು. 1881ರ ಈ ಕಾಯ್ದೆ 7 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿ, 7ರಿಂದ 12 ವರ್ಷದವರ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಿಗೊಳಿಸಿ, ಅವರಿಗೆ ತಿಂಗಳಿಗೆ 4 ರಜೆಗಳನ್ನು ಕೊಟ್ಟಿತು. ವಯಸ್ಕರ ದುಡಿಮೆಯ ಅವಧಿಯನ್ನು ಅದು ಮುಟ್ಟಲೇ ಇಲ್ಲ.

ಇಷ್ಟು ಸೀಮಿತವಾದ ಕಾಯ್ದೆಯ ಹಿಂದೆಯೂ ಇಂಗ್ಲೆಂಡಿನ ಹತ್ತಿಬಟ್ಟೆ ಉದ್ಯಮದ ಕೇಂದ್ರವಾದ ಲ್ಯಾಂಕಶೈರ್‌ನ ಗಿರಣಿ ಮಾಲೀಕರ ಒತ್ತಡವಿತ್ತು. ಇಂಗ್ಲೆಂಡಿನಲ್ಲಿ ದುಡಿಮೆಯ ಅವಧಿಗೆ ಕಾನೂನಿನ ಮಿತಿ ಇದ್ದಾಗ ಮುಂಬಯಿಯಲ್ಲಿ ಅದಿಲ್ಲದಿರುವುದರಿಂದ ತಮ್ಮ ಬಟ್ಟೆಗೆ ಪೈಪೋಟಿ ಹೆಚ್ಚುತ್ತದೆ ಎಂಬುದು ಅವರ ದೂರು. ಮುಂಬಯಿ ಸರ್ಕಾರ 1875ರಲ್ಲಿ ನೇಮಿಸಿದ ಆಯೋಗದ ಬಹುಮತ ಕಾನೂನು ಬೇಡವೆಂದರೂ, ಲಂಡನ್ನಿನಿಂದ ಬಂದ ಒತ್ತಾಯ ನಿಲ್ಲಲಿಲ್ಲ. ಕಾಯ್ದೆ ಬಂದ ಮರುವರ್ಷವೇ, 1882ರಲ್ಲಿ, ಹತ್ತಿಬಟ್ಟೆಯ ಆಮದು ಸುಂಕವೂ ರದ್ದಾಯಿತು. 1896ರಲ್ಲಿ ಭಾರತೀಯ ಗಿರಣಿಗಳ ಬಟ್ಟೆಯ ಮೇಲೆ ಶೇ. 3.5ರಷ್ಟು ಅಬಕಾರಿ ಸುಂಕ ಬಿತ್ತು. ಆದ್ದರಿಂದ ಅನೇಕ ಭಾರತೀಯ ರಾಷ್ಟ್ರೀಯವಾದಿಗಳು ಕಾರ್ಖಾನೆ ಕಾನೂನನ್ನೇ ಶಂಕಿಸಿದರು. ಆ ಶಂಕೆಗೆ ಕಾರಣವಿತ್ತು, ಆದರೆ ಅದರ ಬೆಲೆ ತೆತ್ತವರು ಕಾರ್ಮಿಕರು ಎಂಬುದನ್ನು ಮರೆಯಬಾರದು. ಅವರ ಬೇಡಿಕೆ ಏನೆಂಬುದನ್ನು ಗಿರಣಿ ಕಾರ್ಮಿಕರ ನಾಯಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯಲ್ಲಿ ಸಭೆ ಸೇರಿಸಿ ಸ್ಪಷ್ಟಪಡಿಸಿದ್ದರು: ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ, ಗಾಯಗೊಂಡವರಿಗೆ ಪರಿಹಾರ. ವಾರದ ರಜೆ ಕಾನೂನಿಗೆ ಸೇರಿದ್ದು 1891ರಲ್ಲಿ. ಹೆಂಗಸರ ದುಡಿಮೆಗೆ 11 ಗಂಟೆಗಳ ಮಿತಿ ಬಂದದ್ದೂ ಆಗಲೇ.

ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಅಂಶ ಇನ್ನೊಂದಿದೆ. 1881ರ ಕಾಯ್ದೆಯ ವ್ಯಾಖ್ಯಾನವೇ ನೀಲಿ (ಇಂಡಿಗೋ) ಬಣ್ಣ ತಯಾರಿಸುವ ಕಾರ್ಖಾನೆಗಳನ್ನೂ, ಚಹಾ ಮತ್ತು ಕಾಫಿ ತೋಟಗಳೊಳಗಿನ ಕಾರ್ಖಾನೆಗಳನ್ನೂ ಹೊರಗಿಟ್ಟಿತ್ತು. ಮುಂಬಯಿಯ ಗಿರಣಿಗಳಲ್ಲಿ ಭಾರತೀಯರ ಬಂಡವಾಳವೇ ಹೆಚ್ಚಾಗಿದ್ದರೆ, ಅಸ್ಸಾಮಿನ ಚಹಾ ತೋಟಗಳಲ್ಲಿದ್ದದ್ದು ಮುಖ್ಯವಾಗಿ ಬ್ರಿಟಿಷ್ ಬಂಡವಾಳ. ಅಲ್ಲಿ ಕಾನೂನು ಮಾಲೀಕನನ್ನು ಕಟ್ಟಿಹಾಕುವ ಬದಲು ಕೂಲಿಯನ್ನೇ ಕಟ್ಟಿಹಾಕಿತು. 1859ರ ಕರಾರುಭಂಗ ಕಾಯ್ದೆಯಡಿ ಕೆಲಸ ಬಿಡುವುದು ಶಿಕ್ಷಾರ್ಹವಾಗಬಹುದಿತ್ತು. ಓಡಿಹೋದ ಕೂಲಿಯನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ 1865ರ ಕಾಯ್ದೆಯಿಂದ ತೋಟದ ಮಾಲೀಕರ ಕೈಸೇರಿತು, ಮತ್ತು ಅದು ಅವರ ಕೈತಪ್ಪಿದ್ದು 1908ರಲ್ಲಿ.