ಬೇಲಿ ತಕರಾರಿಗೆ ಯಾವ ವಕೀಲರು?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಹೆಂಡತಿಯ ಹೆಸರಲ್ಲಿ 80 ಸೆಂಟ್ಸ್ ಜಾಗವಿದೆ. ಪಕ್ಕದವರು ತಂತಿಬೇಲಿ ಹಾಕುವಾಗ ನಮ್ಮ ಕಡೆ ಒತ್ತಿ ಬಂದಿದ್ದಾರೆ. ಸಿವಿಲ್ ವಕೀಲರನ್ನು ಹಿಡಿಯಿರಿ ಅಂತ ಒಬ್ಬರು, ಕ್ರಿಮಿನಲ್ ಕೇಸ್ ಜಡಿದರೆ ತಾನಾಗಿ ಬಗ್ಗುತ್ತಾರೆ ಅಂತ ಇನ್ನೊಬ್ಬರು. ಬೆಂಗಳೂರಿನ ಮಗ ಹೈಕೋರ್ಟಿನ ಸೀನಿಯರ್ ಒಬ್ಬರನ್ನು ನೋಡುತ್ತೇನೆ ಅನ್ನುತ್ತಾನೆ. ಯಾರ ಹತ್ತಿರ ಹೋಗಲಿ?

ಉತ್ತರ: ಮೊದಲು ಮಗನಿಗೆ ಸ್ವಲ್ಪ ತಡೆಯಲು ಹೇಳಿ. ಕೋರ್ಟು ‘ಹಿರಿಯ ವಕೀಲ’ರೆಂದು ಮಾನ್ಯ ಮಾಡಿದವರು ಕಕ್ಷಿದಾರರಿಂದ ನೇರವಾಗಿ ಕೇಸ್ ತೆಗೆದುಕೊಳ್ಳುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ. ಮೇಲಾಗಿ ನಿಮ್ಮ ಬೇಲಿ ಇನ್ನೂ ಊರಿನ ಕೋರ್ಟಿನ ಮೆಟ್ಟಿಲನ್ನೇ ಹತ್ತಿಲ್ಲ.

ಸಿವಿಲ್, ಕ್ರಿಮಿನಲ್ ಅಂತ ಎರಡು ಸನ್ನದುಗಳಿಲ್ಲ (ಸನ್ನದು ಎಂದರೆ ವಕೀಲಿಕೆಯ ಪರವಾನಗಿ). 1961ರ ವಕೀಲರ ಕಾಯ್ದೆಯಡಿ ಇರುವುದು ಒಂದೇ ಸನ್ನದು, ಉಳಿದದ್ದು ಅವರವರ ಪಳಗಿದ ಕೈ. ನಿಮಗೆ ಬೇಕಾದದ್ದು ಆರ್‌ಟಿಸಿ (ಪಹಣಿ), ನಕ್ಷೆ ಓದಿ ಪಳಗಿದವರು. ಅದರಲ್ಲೂ ನಮ್ಮ ಕರಾವಳಿಯ ಜಾಗ ಗೊತ್ತಿರುವವರು.

ಯಾಕೆಂದರೆ ಇಲ್ಲಿ ಕುಮ್ಕಿ ಎಂಬುದೊಂದಿದೆ. ಕದೀಂ ವರ್ಗ ಜಾಗಕ್ಕೆ, ಅಂದರೆ ಹಳೆಯ ಕಾಲದಿಂದ ಕಂದಾಯ ಕಟ್ಟುತ್ತಾ ಬಂದ ಖಾಸಗಿ ಜಾಗಕ್ಕೆ ತಾಗಿ ನೂರು ಗಜದೊಳಗಿನ ಸರ್ಕಾರಿ ಜಾಗ ಅದು. ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರರಿಗೆ ಇದೆ, ಒಡೆತನ ಇಲ್ಲ. ನಮ್ಮ ಚಿಕ್ಕಪ್ಪ ಹೀಗೇ ಒಂದು ಪಟ್ಟಿ ಜಾಗಕ್ಕೆ ನಾಲ್ಕು ವರ್ಷ ಕೋರ್ಟಿಗೆ ಅಲೆದರು. ಕೊನೆಗೆ ಸರ್ವೆಯವರು ಚೈನು ಎಳೆದಾಗ ಆ ಪಟ್ಟಿ ಇವರದೂ ಅಲ್ಲ, ಪಕ್ಕದವರದೂ ಅಲ್ಲ, ಕುಮ್ಕಿ! ಎರಡು ಮನೆಯವರೂ ಅಂದು ಮಾತಿಲ್ಲದೆ ಗದ್ದೆ ಬದಿಯಲ್ಲಿ ನಿಂತಿದ್ದು ನನಗಿನ್ನೂ ನೆನಪಿದೆ. ಆದ್ದರಿಂದ ವಕೀಲರಿಗಿಂತ ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಗಡಿ ಅಳೆದು ಗುರುತಿಸಿ ಕೊಡಲು, ಅರ್ಜಿ ಕೊಡಿ. ಒತ್ತುವರಿ ಆಗಿರುವುದು ಕುಮ್ಕಿ ಎಂದಾದರೆ ತಹಶೀಲ್ದಾರರ ಕಚೇರಿ, ನಿಮ್ಮ ವರ್ಗ ಜಾಗವೇ ಆದರೆ ಸಿವಿಲ್ ಕೋರ್ಟು. ಆರ್‌ಟಿಸಿಯಲ್ಲಿ ಹೆಸರು ಬದಲಾದ ತಕರಾರಾದರೆ ಕುಂದಾಪುರದ ಎಸಿ (ಉಪವಿಭಾಗಾಧಿಕಾರಿ) ಕೋರ್ಟು. ಕಾಗದ ನೋಡದೆ, ಮೊದಲ ಭೇಟಿಯಲ್ಲೇ ‘ಕೇಸ್ ಹಾಕುವ’ ಎನ್ನುವವರಿಂದ ಎದ್ದು ಬನ್ನಿ.

ಬೇಲಿಗೆಂದು ಅಡಿಕೆ ಮರ ಕಡಿದಿದ್ದರೆ, ಕೈ ಮಾಡಿದ್ದರೆ ಪೊಲೀಸ್ ದೂರು ಸರಿ. ಆದರೆ ಠಾಣೆಯ ಕೇಸನ್ನು ನಡೆಸುವುದು ಸರ್ಕಾರಿ ಅಭಿಯೋಜಕರು. ಬೇಲಿ ಹಿಂದೆ ಸರಿಸಿ ಕೊಡುವ ಕೆಲಸ ಆ ಕೇಸಿನದ್ದಲ್ಲ. ನೋಟರಿ ಮುಂದೆ ರಾಜಿಪತ್ರ ಮಾಡಿಸಿದರೂ ಜಾಗ ಕೈ ಬದಲಾಗುವುದಿಲ್ಲ, ಅದಕ್ಕೆ ನೋಂದಣಿ ಬೇಕು.

ಫೀಸಿನ ಮಾತು ಮೊದಲೇ ಆಗಲಿ. ಗೆದ್ದ ಜಾಗದಲ್ಲಿ ಇಷ್ಟು ಪಾಲು ಎಂದು ವಕೀಲರು ಕೇಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ತಡೆಯುತ್ತದೆ. ಇನ್ನೊಂದು: ಜಾಗ ಹೆಂಡತಿಯ ಹೆಸರಲ್ಲಿದೆ ಅಂದಿರಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಉಂಟು. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕಾದವರು ಅವರೇ, ಸಹಾಯವಾಣಿ 15100. ಪುಕ್ಕಟೆ ವಕೀಲರೆಂದು ಮೂಗು ಮುರಿಯಬೇಡಿ, ಅವರೂ ಅದೇ ಕೋರ್ಟಿನಲ್ಲಿ ದಿನಾ ವಾದಿಸುವವರೇ.

ಬೇಲಿ ಹಾಕಿದ್ದು ಯಾವಾಗ ಎಂದು ಮಾತ್ರ ನೀವು ಬರೆದಿಲ್ಲ. ಸ್ವಾಧೀನ ತಪ್ಪಿದ ಆರು ತಿಂಗಳೊಳಗೆ ದಾವೆ ಹಾಕಿದರೆ ಒಡೆತನ ಸಾಬೀತು ಮಾಡುವ ಗೋಜಿಲ್ಲದೆ ಜಾಗ ವಾಪಸ್ ಕೇಳಬಹುದು. ಆ ತಾರೀಕನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಆರ್‌ಟಿಸಿ ಜೊತೆ ಇಟ್ಟುಕೊಳ್ಳಿ.