ಎದ್ದು ಹೋಗಬಲ್ಲ ಕಾರ್ಖಾನೆ, ಹೋಗಲಾಗದ ಕಾರ್ಖಾನೆ

ಕಾರ್ಖಾನೆಯನ್ನು ಎಲ್ಲಿ ಕಟ್ಟುತ್ತಾರೆ ಅನ್ನುವ ಪಾಠವನ್ನು ನಾನು ಮೊದಲು ಬಾಯಿಪಾಠ ಮಾಡಿದ್ದೆ. ಕಚ್ಚಾವಸ್ತು, ಸಾಗಣೆ, ಕೂಲಿ, ಮಾರುಕಟ್ಟೆ. ಇದರಲ್ಲಿ ಯೂನಿಯನ್ ಎಲ್ಲಿ ಬರುತ್ತದೆ, ಕಾನೂನು ಎಲ್ಲಿ ಬರುತ್ತದೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಕಾರವಾರದ ಬೈತಖೋಲ ಬಂದರಿಗೆ ಒಮ್ಮೆ ಹೋಗಿ ನಿಂತು ನೋಡಿ. ಐಸಿನ ದೊಡ್ಡ ಗಡ್ಡೆಗಳನ್ನು ಪುಡಿ ಮಾಡಿ ಬೋಟಿಗೆ ತುಂಬುತ್ತಾರೆ, ತುಂಬುವಷ್ಟರಲ್ಲೇ ಕೆಳಗೆಲ್ಲ ನೀರು. ದೂರದಿಂದ ತಂದರೆ ಅರ್ಧ ದಾರಿಯಲ್ಲೇ ಕರಗಿ ಹೋಗುತ್ತದೆ. ಹಾಗಾಗಿ ಐಸ್ ಫ್ಯಾಕ್ಟರಿ ಬಂದರಿನ ಹತ್ತಿರವೇ ಇರಬೇಕು. 1909ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ ಹೇಳಿದ್ದೂ ಇದೇ ಜಾತಿಯ ಲೆಕ್ಕ: ತೂಕವನ್ನು ಎಷ್ಟು ದೂರ ಹೊರಬೇಕು? ದಾಂಡೇಲಿ ಪೇಪರ್ ಮಿಲ್ 1950ರ ದಶಕದಲ್ಲಿ ಅಲ್ಲಿಗೇ ಬಂದದ್ದಕ್ಕೆ ಕಾಡಿನ ಬಿದಿರು ಮತ್ತು ಕಾಳಿ ನದಿಯ ನೀರು ದೊಡ್ಡ ಕಾರಣ. ಬಿದಿರಿನ ತೂಕದ ದೊಡ್ಡ ಪಾಲು ಕಾಗದವಾಗುವುದೇ ಇಲ್ಲ, ಅದನ್ನು ಸುಮ್ನೆ ದೂರಕ್ಕೆ ಯಾಕೆ ಹೊರಬೇಕು?

ಈಗ ಯೂನಿಯನ್ ಕಡೆಗೆ ಬನ್ನಿ. ನೀರಿಗೋ ಬಂದರಿಗೋ ಕಟ್ಟುಬಿದ್ದ ಕಾರ್ಖಾನೆ "ನಾವು ಬೇರೆ ಊರಿಗೆ ಹೋಗ್ತೇವೆ" ಅಂತ ಕೆಲಸಗಾರರನ್ನು ಸುಲಭಕ್ಕೆ ಹೆದರಿಸಲಾಗದು. ಬಿಡಿಭಾಗ ತರಿಸಿ ಜೋಡಿಸುವ ಕಾರ್ಖಾನೆ ಹೆದರಿಸಬಹುದು.

ಇದಕ್ಕೆ ಅಮೆರಿಕದ ವಿಮಾನ ಕಂಪನಿ ಬೋಯಿಂಗ್‌ನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2008ರಲ್ಲಿ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಮಷಿನಿಸ್ಟರ (ಯಂತ್ರ ಕೆಲಸಗಾರರ) ಯೂನಿಯನ್ ಸುಮಾರು ಎಂಟು ವಾರ ಮುಷ್ಕರ ಮಾಡಿತು. ಮರುವರ್ಷ ಕಂಪನಿ 787 ವಿಮಾನದ ಎರಡನೇ ಜೋಡಣಾ ಸಾಲನ್ನು ದೇಶದ ಇನ್ನೊಂದು ತುದಿಯ ಸೌತ್ ಕೆರೊಲಿನಾದಲ್ಲಿ ಹಾಕುವುದಾಗಿ ಘೋಷಿಸಿತು. ಪದೇ ಪದೇ ಆಗುವ ಮುಷ್ಕರವೂ ಒಂದು ಕಾರಣ ಅಂತ ಅದರ ಅಧಿಕಾರಿಗಳೇ ಬಾಯಿಬಿಟ್ಟು ಹೇಳಿದ್ದರು. 2011ರ ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಕಡೆಯಿಂದ ಕಂಪನಿಯ ಮೇಲೆ ದೂರು ದಾಖಲಾಯಿತು. ಆ ಕೆಲಸವನ್ನು ವಾಷಿಂಗ್ಟನ್ ರಾಜ್ಯದಲ್ಲೇ ಮಾಡಿಸಬೇಕು ಅನ್ನುವುದು ಬೇಡಿಕೆ. ಹಳೆಯ ಜಾಗದಲ್ಲಿ ಯಾರ ಕೆಲಸವೂ ಹೋಗಿಲ್ಲ, ಹೊಸ ಸಾಲು ಎಲ್ಲಿ ಹಾಕಬೇಕು ಅನ್ನುವುದು ನಮ್ಮ ಇಷ್ಟ ಅನ್ನುವುದು ಕಂಪನಿಯ ವಾದ.

ಇಲ್ಲಿ ನಿಧಾನವಾಗಿ ಓದಿ. ಖರ್ಚು ಕಡಿಮೆ ಅಂತ ಜಾಗ ಬದಲಿಸಿದರೆ ತಪ್ಪಲ್ಲ. ಮುಷ್ಕರ ಮಾಡಿದ್ದಕ್ಕೆ ಶಿಕ್ಷೆ ಅಂತ ಬದಲಿಸಿದರೆ, 1935ರ ಅವರ ಕಾರ್ಮಿಕ ಕಾಯ್ದೆಯ ಪ್ರಕಾರ ತಪ್ಪು. ಕಟ್ಟಡ ಅದೇ, ಊರು ಅದೇ, ಉದ್ದೇಶ ಮಾತ್ರ ಬೇರೆ. ಆ ಉದ್ದೇಶವನ್ನು ಸಾಬೀತು ಮಾಡುವುದೇ ಕಷ್ಟದ ಕೆಲಸ. ತೀರ್ಪು ಬರಲೇ ಇಲ್ಲ. ಡಿಸೆಂಬರ್‌ನಲ್ಲಿ ಕಂಪನಿಯೂ ಯೂನಿಯನ್ನೂ ಒಪ್ಪಂದ ಮಾಡಿಕೊಂಡವು, 737 ಮ್ಯಾಕ್ಸ್ ವಿಮಾನದ ಕೆಲಸ ವಾಷಿಂಗ್ಟನ್ ರಾಜ್ಯದಲ್ಲೇ ಉಳಿಯಿತು, ದೂರು ವಾಪಸ್ ಹೋಯಿತು.

ಸೌತ್ ಕೆರೊಲಿನಾ 'ರೈಟ್ ಟು ವರ್ಕ್' ರಾಜ್ಯ. ಹೆಸರು ನೋಡಿ ಎಲ್ಲರಿಗೂ ಕೆಲಸ ಸಿಗುವ ಹಕ್ಕು ಅಂತ ಬರೆಯಬೇಡಿ, ನಾನು ಹಾಗೇ ಬರೆದು ಅಂಕ ಕಳೆದುಕೊಂಡೆ. ಕೆಲಸಕ್ಕೆ ಸೇರಲು ಯೂನಿಯನ್‌ಗೆ ಹಣ ಕಟ್ಟಲೇಬೇಕು ಅಂತ ಷರತ್ತು ಹಾಕುವ ಹಾಗಿಲ್ಲ, ಅಷ್ಟೇ ಅದರ ಅರ್ಥ. ಇಂಥ ಕಾನೂನು ಮಾಡಲು ರಾಜ್ಯಗಳಿಗೆ ದಾರಿ ಬಿಟ್ಟದ್ದು 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ.

ನಿಯಂತ್ರಣ ಅಂದರೆ ಕಾರ್ಮಿಕ ಕಾನೂನು ಮಾತ್ರ ಅಲ್ಲ. ನಮ್ಮ ಕರಾವಳಿಯಲ್ಲಿ 1991ರಲ್ಲಿ ಶುರುವಾದ ಕರಾವಳಿ ನಿಯಂತ್ರಣ ವಲಯದ ನಿಯಮವೂ ಜಾಗವನ್ನು ಆರಿಸುತ್ತದೆ. ಊರಿನ ಜನರೂ ಆರಿಸುತ್ತಾರೆ. ಉತ್ತರ ಕನ್ನಡದ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಅಘನಾಶಿನಿ ಅಳಿವೆಯ ಮೀನು, ಬಳಚು (ಚಿಪ್ಪುಮೀನು) ನಂಬಿದವರು ವಿರೋಧಿಸಿದರು, ಯೋಜನೆ ಬಿಟ್ಟುಹೋಯಿತು.

ಬೋಯಿಂಗ್ ಪ್ರಶ್ನೆ ನಮ್ಮಲ್ಲೂ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಶೆಡ್ಯೂಲ್ ತೆಗೆದು ನೋಡಿ. ಯೂನಿಯನ್ ಕಟ್ಟಿದರೆ ಕಾರ್ಖಾನೆ ಮುಚ್ಚುತ್ತೇವೆ ಅಂತ ಬೆದರಿಸುವುದನ್ನು ಅನುಚಿತ ಕಾರ್ಮಿಕ ಪದ್ಧತಿ ಅಂತ ಅಲ್ಲಿ ಪಟ್ಟಿ ಮಾಡಿದ್ದರು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯ ಎರಡನೇ ಶೆಡ್ಯೂಲ್‌ನಲ್ಲೂ ಇಂಥದೇ ಪಟ್ಟಿ ಇದೆ.

ನಮ್ಮ ಭಾವ ದಿನಾ ಗೋವಾದ ಒಂದು ಫ್ಯಾಕ್ಟರಿಗೆ ಹೋಗಿ ಬರುತ್ತಾರೆ. ಯೂನಿಯನ್ ಮಾತು ಬಂದಾಗ ಸೂಪರ್‌ವೈಸರ್ "ಜಾಸ್ತಿ ಮಾಡಿದ್ರೆ ಯುನಿಟ್ಟೇ ಬೇರೆ ಕಡೆ ಹೋಗ್ತದೆ" ಅಂದರಂತೆ. ಬರೀ ಬಾಯಿಮಾತು, ಕಾಗದದಲ್ಲಿ ಏನೂ ಇಲ್ಲ. ಶೆಡ್ಯೂಲ್‌ನ ಆ ಸಾಲನ್ನು ಫೋನಿನಲ್ಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಪುಟದ ಫೋಟೋ ತೆಗೆದು ಕಳಿಸು ಮಾರಾಯಾ" ಅಂದರು. ಕಳಿಸಿದ್ದೇನೆ.