ಈಜು ಬಾರದವರು ಹವಳ ನೋಡಲು ನೀರಿಗಿಳಿಯಬಹುದೇ?

ಪ್ರಶ್ನೆ: ಒಂದು ದಿನದ ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುತ್ತ, ಬೋರಲು ತೇಲಿ ನೀರೊಳಗೆ ನೋಡುವುದು) ಪ್ರವಾಸಕ್ಕೆ ಮನೆಯವರೆಲ್ಲ ಹೊರಟಿದ್ದಾರೆ. ನನಗೆ ಈಜು ಬರುವುದಿಲ್ಲ. ನಾನೂ ನೀರಿಗಿಳಿಯಬಹುದೇ, ಇಲ್ಲಾ ದೋಣಿಯಲ್ಲಿ ಕೂತು ಬ್ಯಾಗು ಕಾಯಬೇಕೇ?

ಉತ್ತರ: ಇಳಿಯಬಹುದು, ಪಕ್ಕದಲ್ಲೊಬ್ಬ ಗೈಡ್ ಇದ್ದರೆ. ಆದರೆ ಈಜು ಬಾರದಿರುವುದು ಬೇರೆ, ಮುಖ ನೀರಿಗಿಟ್ಟ ಕೂಡಲೇ ಎದೆ ಹೊಡೆದುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ತೇಲುವ ಜಾಕೆಟ್ ಇದೆ, ಉಪ್ಪುನೀರೂ ನಿಮ್ಮನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ. ಎರಡನೆಯದಕ್ಕೆ ಅಭ್ಯಾಸವೇ ಮದ್ದು. ಅದನ್ನು ದೋಣಿಯಿಂದ ಆಳಕ್ಕೆ ಇಳಿದ ಮೇಲೆ ಶುರುಮಾಡಲಾಗದು.

ಹಾಗಾಗಿ ಮೊದಲು ಸೊಂಟದೆತ್ತರದ ನೀರು ಹುಡುಕಿ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈ ಬಿಟ್ಟರೂ ಅಂಟಿಕೊಂಡೇ ಇದ್ದರೆ ಅಳತೆ ಸರಿಯಿದೆ. (ದಪ್ಪ ಮೀಸೆಯವರಿಗೆ ಇಲ್ಲಿ ಸ್ವಲ್ಪ ಕಷ್ಟ, ಮೀಸೆಯಡಿಯಿಂದ ನೀರು ಜಿನುಗುತ್ತದೆ.) ಗಾಜಿನ ಒಳಮೈಗೆ ಎಂಜಲು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಅಸಹ್ಯವೆನಿಸಿದರೂ ಕೆಲಸ ಮಾಡುತ್ತದೆ. ಇನ್ನು ಉಸಿರು. ಗಾಬರಿಯಲ್ಲಿ ಏದುಸಿರು ಬಿಟ್ಟರೆ ಕೊಳವೆಯೊಳಗೆ ಉಳಿದ ಹಳೆಯ ಗಾಳಿಯೇ ಮತ್ತೆ ಒಳಗೆ ಬರುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ನಿಧಾನವಾಗಿ, ಉದ್ದಕ್ಕೆ ಉಸಿರಾಡಿ. ಕೊಳವೆಗೆ ನೀರು ನುಗ್ಗಿದರೆ ಒಂದೇ ಸಲ ಜೋರಾಗಿ ಊದಿ ಹೊರಹಾಕಿ. ಐದು ನಿಮಿಷ ಮುಖ ಎತ್ತದೆ ಇದ್ದಿರೋ, ದೋಣಿ ಹತ್ತಿ. ಇಲ್ಲವಾದರೆ ಬ್ಯಾಗು ಕಾಯುವುದೇ ವಾಸಿ.

ಜಾಕೆಟ್ಟಿನಲ್ಲೂ ಒಂದು ಸೂಕ್ಷ್ಮವಿದೆ. ದೋಣಿಯಲ್ಲಿ ಕೊಡುವ ದಪ್ಪ ಲೈಫ್ ಜಾಕೆಟ್ ಹಲವು ಸಲ ನಿಮ್ಮನ್ನು ಅಂಗಾತ ತಿರುಗಿಸಲು ನೋಡುತ್ತದೆ, ಅದರ ಕೆಲಸವೇ ಅದು. ಬೋರಲು ಮಲಗಿ ಕೆಳಗೆ ನೋಡಬೇಕೆಂದರೆ ಗಾಳಿ ತುಂಬುವ ಸ್ನಾರ್ಕೆಲ್ ವೆಸ್ಟ್ ಕೇಳಿ, ಅಥವಾ ಗೈಡ್ ಎಳೆದೊಯ್ಯುವ ತೇಲುಬಳೆ ಹಿಡಿಯಿರಿ. ಹೃದಯದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಹೊರಡಬೇಡಿ. ನೀರಿನ ಸೆಳೆತ ಇರುವ ದಿನ ಯಾರು ಕರೆದರೂ ಬೇಡ.

ಈಜು ಬಾರದವರ ಬಗ್ಗೆ ನನಗಿರುವ ಚಿಂತೆ ಅವರ ಕಾಲುಗಳದ್ದು. ದಣಿದಾಗ ಕಾಲು ತಾನಾಗಿ ನೆಲ ಹುಡುಕುತ್ತದೆ, ಅಲ್ಲಿ ಸಿಗುವುದು ಹವಳ. ಕಲ್ಲಿನಂತೆ ಕಂಡರೂ ಅದರ ಮೇಲ್ಮೈಯಲ್ಲೆಲ್ಲ ಜೀವಂತ ಪುಟ್ಟ ಪ್ರಾಣಿಗಳು. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂ.ಮೀ. ಅಷ್ಟೆ. ಒಂದು ತುಳಿತಕ್ಕೆ ಹಲವು ವರ್ಷದ ಬೆಳವಣಿಗೆ ಹೋಗುತ್ತದೆ, ನಿಮ್ಮ ಪಾದವೂ ಗೀರುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ. ಸುಸ್ತಾದರೆ ಬೆನ್ನ ಮೇಲೆ ತೇಲಿ, ಕೈಯೆತ್ತಿ ಗೈಡನ್ನು ಕರೆಯಿರಿ. ಕೈ ಚಾಚುವಾಗಲೂ ಎಚ್ಚರ: ಮಾಸ್ಕಿನ ಗಾಜಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತದೆ.

ಉಸಿರು ಹದಕ್ಕೆ ಬಂದ ಮೇಲೆ ಸುಮ್ಮನೆ ಕಿವಿಗೊಡಿ. ಕರಕರ ಎಂದು ಕಡಿಯುವ ಸದ್ದು ಬಂದರೆ ಅದು ಗಿಣಿಮೀನು. ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತದೆ. ಸ್ವಲ್ಪ ಹೊತ್ತು ಅದರ ಬಾಲದ ಕಡೆ ನೋಡುತ್ತಿರಿ, ಬಿಳಿ ಮರಳು ಉದುರುತ್ತದೆ.